ಅಣುಗಳಿಗೊಂದು ಕೈಗಡ: ಗ್ರಂಧಿಗೆ ಅಂಗಡಿಯಿಂದ ಟಾಟಾ ಇನ್‌ಸ್ಟಿಟ್ಯೂಟ್‌ವರೆಗೆ

ಇಯರ್‌ಬಡ್ ಹಾಕ್ಕೊಂಡು ಕೇಳ್ತಿದ್ರೆ ಒಂದು ನಿಮಿಷ ಎರಡನ್ನೂ ತೆಗೆದು ಅದಲು ಬದಲು ಮಾಡಿ ಹಾಕಿ ನೋಡಿ. ಎಡಕಿವಿಯದ್ದು ಬಲಕ್ಕೆ, ಬಲಕಿವಿಯದ್ದು ಎಡಕ್ಕೆ. ಸರಿಯಾಗಿ ಕೂರಲ್ಲ ಅಲ್ವಾ? ಎರಡೂ ಒಂದೇ ಪ್ಲಾಸ್ಟಿಕ್, ಒಂದೇ ತೂಕ, ಒಂದೇ ಅಳತೆ. ಆದರೂ ಒಂದರ ಜಾಗದಲ್ಲಿ ಇನ್ನೊಂದು ಹೊಂದಲ್ಲ. ಕನ್ನಡಿ ಮುಂದೆ ಹಿಡಿದರೆ ಮಾತ್ರ ಎಡದ್ದು ಬಲದ್ದಾಗಿ ಕಾಣುತ್ತೆ. ನಮ್ಮ ಎರಡು ಕೈಗಳ ಕಥೆಯೂ ಇದೇ, ಕಾಲಿನ ಚಪ್ಪಲಿಯ ಕಥೆಯೂ ಇದೇ.

ಕಣ್ಣಿಗೆ ಕಾಣದ ಅಣುಗಳಲ್ಲೂ ಹೀಗೆ ಎಡಗೈ-ಬಲಗೈ ಇರುತ್ತೆ ಅಂದ್ರೆ ನಂಬ್ತೀರಾ? ಅದೇ ಪರಮಾಣುಗಳು, ಅದೇ ಲೆಕ್ಕ, ಅದೇ ಜೋಡಣೆ. ಆದರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಇಂಥ ಅಣುಗಳಿಗೆ ರಸಾಯನಶಾಸ್ತ್ರದಲ್ಲಿ ‘ಕೈರಲ್’ ಅಂತಾರೆ. 1890ರ ದಶಕದಲ್ಲಿ ಲಾರ್ಡ್ ಕೆಲ್ವಿನ್ ಬಳಕೆಗೆ ತಂದ ಪದ ಇದು. ಗ್ರೀಕ್ ಭಾಷೆಯಲ್ಲಿ ‘ಕೈ’ ಅನ್ನೋ ಅರ್ಥದ ಮಾತಿನಿಂದ ಹುಟ್ಟಿದ್ದು. ನಮ್ಮ ‘ಕೈ’ಗೂ ಅದಕ್ಕೂ ನೆಂಟಸ್ತನವೇನಿಲ್ಲ, ಬರೀ ಕಾಕತಾಳೀಯ. ಆದರೆ ಕನ್ನಡದವರಿಗೆ ನೆನಪಿಟ್ಟುಕೊಳ್ಳೋಕೆ ಇದಕ್ಕಿಂತ ಸುಲಭದ ಪದ ಸಿಗಲ್ಲ.

ಇವತ್ತು ನಾನು ಹೇಳೋಕೆ ಹೊರಟಿರೋದು ಈ ‘ಕೈ’ಗಳ ಇತಿಹಾಸ. ಬೇಕಾದ ಕೈಯ ಅಣುವನ್ನ ಮಾತ್ರ ತಯಾರಿಸೋದು ಹೇಗೆ ಅಂತ ಮನುಷ್ಯ ಕಲಿತ ಕಥೆ. ಇದನ್ನ ಪ್ಯಾರಿಸ್‌ನಿಂದಲೂ ಶುರು ಮಾಡಬಹುದು, ಸ್ಟಾಕ್‌ಹೋಮ್‌ನಿಂದಲೂ ಶುರು ಮಾಡಬಹುದು. ನಾನಿರೋದು ಹನುಮಂತನಗರದಲ್ಲಿ. ಹಾಗಾಗಿ ಇಲ್ಲಿಂದಲೇ ಹೊರಡ್ತೀನಿ. ಒಂದು ಕಡೆ ರಾಮಾಂಜನೇಯ ಗುಡ್ಡ, ಇನ್ನೊಂದು ಕಡೆ ಕುಮಾರಸ್ವಾಮಿ ದೇವಸ್ಥಾನದ ಬೆಟ್ಟ. ಇಳಿದು ಬಂದರೆ ಐವತ್ತಡಿ ರಸ್ತೆ, ಆ ಕಡೆ ಗವಿಪುರ, ಗಾಂಧಿ ಬಜಾರ್. ಈ ಸುತ್ತಿನಲ್ಲಿ ಪೂಜೆ ಸಾಮಾನು, ನಾಟಿ ಔಷಧಿ ಮಾರೋ ಗ್ರಂಧಿಗೆ ಅಂಗಡಿಗಳು ಇನ್ನೂ ಉಳಿದುಕೊಂಡಿವೆ. ಅಂಥ ಒಂದು ಅಂಗಡಿಯಿಂದ ಮೂರು ವಸ್ತು ತಗೊಳ್ಳೋಣ: ಕರ್ಪೂರ, ಗಂಧ, ನಸುಗುನ್ನಿ ಬೀಜ. ನಾಲ್ಕನೆಯದು ಮನೆ ಅಡುಗೆಮನೆಯ ಹುಣಸೆಹಣ್ಣು. ಇವತ್ತಿನ ಇತಿಹಾಸವೆಲ್ಲ ಈ ನಾಲ್ಕರಲ್ಲೇ ಅಡಗಿದೆ.

ಹುಣಸೆಹಣ್ಣು

ಮೊದಲು ಹುಣಸೆಹಣ್ಣು. ಸಾರಿಗೆ, ಪುಳಿಯೋಗರೆ ಗೊಜ್ಜಿಗೆ ಹುಳಿ ಕೊಡೋದರಲ್ಲಿ ಮುಖ್ಯವಾದದ್ದು ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯಲ್ಲಿರೋದೂ ಅದೇ. ಯೂರೋಪಿನಲ್ಲಿ ದ್ರಾಕ್ಷಾರಸದ ಪೀಪಾಯಿಗಳ ತಳದಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳೋ ಹರಳು ಇದರಿಂದಲೇ ಆಗೋದು. ನಿಂಬೆಹಣ್ಣಿನ ಸಿಟ್ರಿಕ್ ಆಮ್ಲಕ್ಕೆ ಎಡ-ಬಲ ಇಲ್ಲ. ಅದು ಕನ್ನಡಿಯಲ್ಲೂ ಹಾಗೇ ಇರುತ್ತೆ. ಟಾರ್ಟಾರಿಕ್ ಆಮ್ಲಕ್ಕೆ ಇದೆ. ಹುಣಸೆಮರವಾಗಲಿ ದ್ರಾಕ್ಷಿ ಬಳ್ಳಿಯಾಗಲಿ ಅದರ ಒಂದೇ ಕೈಯನ್ನ ತಯಾರಿಸುತ್ತವೆ.

1815ರಲ್ಲೇ ಫ್ರಾನ್ಸಿನ ವಿಜ್ಞಾನಿ ಬಿಯೋ ಒಂದು ವಿಚಿತ್ರ ಗಮನಿಸಿದ್ದ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನ ಟರ್ಪೆಂಟೈನ್ ಎಣ್ಣೆಯಲ್ಲೋ ಕರ್ಪೂರದ ದ್ರಾವಣದಲ್ಲೋ ಹಾಯಿಸಿದರೆ ಅದರ ಕಂಪನದ ದಿಕ್ಕು ಒಂದು ಕಡೆಗೆ ತಿರುಗುತ್ತೆ. ಹುಳಿದ್ರಾಕ್ಷಿಯ ಆಮ್ಲವೂ ಹೀಗೇ ತಿರುಗಿಸುತ್ತೆ. ಆದರೆ ಕಾರ್ಖಾನೆಯೊಂದರಲ್ಲಿ ಸಿಕ್ಕ, ಎಲ್ಲ ರೀತಿಯಲ್ಲೂ ಅದೇ ಥರದ ಇನ್ನೊಂದು ಆಮ್ಲ ಮಾತ್ರ ಬೆಳಕನ್ನ ಒಂಚೂರೂ ತಿರುಗಿಸ್ತಿರಲಿಲ್ಲ. ಯಾಕೆ?

1848ರಲ್ಲಿ 25 ವರ್ಷದ ಹುಡುಗನೊಬ್ಬ ಇದಕ್ಕೆ ಉತ್ತರ ಹುಡುಕಿದ. ಹೆಸರು ಲೂಯಿ ಪ್ಯಾಶ್ಚರ್. ಹುಚ್ಚುನಾಯಿ ಕಡಿತದ ಲಸಿಕೆಯ ಪ್ಯಾಶ್ಚರ್ ಅಂತ ನಾವು ಓದಿರ್ತೀವಲ್ಲ, ಅವರೇ. ಆದರೆ ಇದು ಅದಕ್ಕಿಂತ ಎಷ್ಟೋ ಮುಂಚಿನ ಮಾತು. ಬೆಳಕು ತಿರುಗಿಸದ ಆ ಆಮ್ಲದ ಲವಣವನ್ನ ಹರಳು ಕಟ್ಟೋಕೆ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದಾಗ ಅವರಿಗೆ ಕಂಡದ್ದು ಎರಡು ಥರದ ಹರಳು. ಒಂದು ಇನ್ನೊಂದರ ಕನ್ನಡಿ ಬಿಂಬ. ಚಿಮಟ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸೋ ಹಾಗೆ ಒಂದೊಂದೇ ಹರಳನ್ನ ಬೇರೆ ಮಾಡಿದರು. ಒಂದು ಗುಡ್ಡೆ ಬೆಳಕನ್ನ ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಎರಡೂ ಸಮಸಮವಾಗಿ ಬೆರೆತಾಗ ಲೆಕ್ಕ ಸೊನ್ನೆ. ಇದರಲ್ಲಿ ಅದೃಷ್ಟವೂ ಇತ್ತು. ಸುಮಾರು 27 ಡಿಗ್ರಿಗಿಂತ ಬಿಸಿ ಇದ್ದರೆ ಆ ಲವಣದ ಎಡ-ಬಲ ಎರಡೂ ಒಂದೇ ಹರಳಿನಲ್ಲಿ ಸೇರಿಕೊಂಡುಬಿಡುತ್ತವೆ. ಅಂದ್ರೆ ನಮ್ಮ ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಈ ಪ್ರಯೋಗ ಕೈಕೊಟ್ಟಿರೋದು.

ಕೈ ಎಲ್ಲಿಂದ ಬರುತ್ತೆ?

ಇಲ್ಲಿಗೆ ನಮ್ಮ ಕಥೆಯ ಮೂಲ ಕಷ್ಟ ಸ್ಪಷ್ಟವಾಗುತ್ತೆ. ಎಡ-ಬಲ ಇಲ್ಲದ ವಸ್ತುಗಳನ್ನ ಪಾತ್ರೆಗೆ ಹಾಕಿ, ಎಡ-ಬಲ ಇಲ್ಲದ ರಾಸಾಯನಿಕ ಸುರಿದು, ಕಾಯಿಸಿ ಒಂದು ಕೈರಲ್ ಅಣು ತಯಾರಿಸಿದಿರಿ ಅಂತಿಟ್ಟುಕೊಳ್ಳಿ. ಸಿಗೋದು ಯಾವಾಗಲೂ ಅರ್ಧ ಎಡ, ಅರ್ಧ ಬಲ. ನಾಣ್ಯ ಚಿಮ್ಮಿದ ಹಾಗೆ. ಎಡಕ್ಕೇ ಹೋಗು ಅಂತ ಅದಕ್ಕೆ ಹೇಳೋರು ಯಾರೂ ಇಲ್ಲವಲ್ಲ.

ಆದರೆ ನಮ್ಮ ದೇಹ ಹಾಗಲ್ಲ. ನಮ್ಮ ಪ್ರೋಟೀನುಗಳೆಲ್ಲ ಒಂದೇ ಕೈಯ ಅಮೈನೋ ಆಮ್ಲಗಳಿಂದ ಕಟ್ಟಿದ್ದು. ಹಾಗಾಗಿ ದೇಹ ಅನ್ನೋದು ಒಂದು ಬಲಗೈ ಗವಸು ಇದ್ದ ಹಾಗೆ. ಅದರೊಳಗೆ ಔಷಧಿಯ ಅಣು ಎಡಗೈ ಚಾಚಿದರೆ ಒಳಗೆ ಹೋಗೋದೇ ಇಲ್ಲ, ಇಲ್ಲವೇ ಎಲ್ಲೋ ಸಿಕ್ಕಿಕೊಂಡು ಬೇರೇನೋ ಎಡವಟ್ಟು ಮಾಡುತ್ತೆ.

ಹಾಗಾದ್ರೆ ಬೇಕಾದ ಕೈಯನ್ನ ಪಡೆಯೋದು ಹೇಗೆ? ನಿಯಮ ಒಂದೇ: ಈಗಾಗಲೇ ಕೈ ಇರೋ ಯಾವುದರಿಂದಲಾದರೂ ಕಡ ತರಬೇಕು. ನಮ್ಮಲ್ಲಿ ಸ್ನೇಹಿತರ ಹತ್ತಿರ ಬಡ್ಡಿ ಇಲ್ಲದೆ, ಪತ್ರ ಇಲ್ಲದೆ ಇಸ್ಕೊಳ್ಳೋ ಸಾಲಕ್ಕೆ ‘ಕೈಗಡ’ ಅಂತೀವಲ್ಲ, ಅದು ಇಲ್ಲಿ ಅಕ್ಷರಶಃ ಕೈಗಡ. ಪ್ಯಾಶ್ಚರ್ ಕೂಡ ಇದನ್ನೇ ಮಾಡಿದರು. ಚಿಮಟದ ಕೆಲಸ ಎಲ್ಲ ವಸ್ತುವಿಗೂ ನಡೆಯಲ್ಲ ಅಂತ ಗೊತ್ತಾದ ಮೇಲೆ, 1853ರಲ್ಲಿ ಸಿಂಕೋನಾ ಮರದ ತೊಗಟೆಯಿಂದ ಬಂದ, ಒಂದೇ ಕೈಯಿರುವ ವಸ್ತುವನ್ನ ಬಳಸಿ ಎಡ-ಬಲ ಬೇರ್ಪಡಿಸಿದರು. ಮಲೇರಿಯಾಕ್ಕೆ ಕ್ವಿನೈನ್ ಕೊಟ್ಟ ಮರ ಅದೇ. 1860ರ ದಶಕದಿಂದ ನಮ್ಮ ಪಕ್ಕದ ನೀಲಗಿರಿಯಲ್ಲೂ ಬೆಳೆಸಿದರು. ಈ ಸಿಂಕೋನಾ ಹೆಸರು ನೆನಪಿಟ್ಕೊಳ್ಳಿ, ಕೊನೆಯಲ್ಲಿ ಇನ್ನೊಂದು ಸಲ ಬರುತ್ತೆ.

ಕರ್ಪೂರ, ಗಂಧ ಮತ್ತು 1914ರ ಯುದ್ಧ

ಈಗ ಹನುಮಂತನಗರದಿಂದ ಉತ್ತರಕ್ಕೆ, ಚಾಮರಾಜಪೇಟೆ, ಮೆಜೆಸ್ಟಿಕ್, ಮಲ್ಲೇಶ್ವರ ದಾಟಿ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿರೋ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗೋಣ. ನಮ್ಮ ಅಜ್ಜಂದಿರ ಬಾಯಲ್ಲಿ ಅದು ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. 1911ರಲ್ಲಿ ಅಲ್ಲಿ ಪಾಠ ಶುರುವಾದಾಗ ಮೊದಲು ತೆರೆದ ವಿಭಾಗಗಳಲ್ಲೇ ಸಾವಯವ ರಸಾಯನಶಾಸ್ತ್ರವೂ ಒಂದು. ಅದರ ಪ್ರಾಧ್ಯಾಪಕರು ಜೆ. ಜೆ. ಸಡ್‌ಬರೋ.

ಆಗ ಮೈಸೂರು ಸಂಸ್ಥಾನದ ಗಂಧದ ಮರ ಹರಾಜಾಗಿ ಹೆಚ್ಚಿನಂಶ ಹಡಗು ಹತ್ತಿ ಜರ್ಮನಿಗೆ ಹೋಗ್ತಿತ್ತು. ಮರ ನಮ್ಮದು, ಎಣ್ಣೆ ಇಳಿಸೋರು ಅವರು, ಲಾಭವೂ ಅವರದೇ. 1914ರಲ್ಲಿ ಮಹಾಯುದ್ಧ ಶುರುವಾಯ್ತು ನೋಡಿ, ಕೊಳ್ಳೋರೇ ಇಲ್ಲ. ಸಂಸ್ಥಾನದ ಕೋಠಿಗಳಲ್ಲಿ ಗಂಧದ ಕೊರಡು ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರು, ಸರ್ ಎಂ. ವಿಶ್ವೇಶ್ವರಯ್ಯ ದಿವಾನರು, ಕೈಗಾರಿಕೆ ಇಲಾಖೆಯ ಹೊಣೆ ಆಲ್ಫ್ರೆಡ್ ಚಾಟರ್ಟನ್ ಅವರದು. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸಡ್‌ಬರೋ ಮತ್ತು ಎಚ್. ಇ. ವಾಟ್ಸನ್ ಗಂಧದೆಣ್ಣೆ ಇಳಿಸುವ ವಿಧಾನವನ್ನ ಕುದುರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ತಲೆಯೆತ್ತಿದವು. ಆಮೇಲೆ ಬಂದ ಮೈಸೂರು ಸ್ಯಾಂಡಲ್ ಸೋಪಿನ ಕಥೆ ನಿಮಗೆಲ್ಲ ಗೊತ್ತೇ ಇದೆ.

ಎಲ್ಲರೂ ಹೇಳದೆ ಬಿಡೋ ಒಂದು ವಿವರ ಇಲ್ಲಿದೆ. ಗಂಧದೆಣ್ಣೆಯ ಹೆಚ್ಚಿನ ಪಾಲು ಸ್ಯಾಂಟಲಾಲ್ ಅನ್ನೋ ಅಣುಗಳು. ಮರ ಅವನ್ನ ಒಂದೇ ಕೈಯಲ್ಲಿ ತಯಾರಿಸುತ್ತೆ. ಹಾಗಾಗಿ ಒಳ್ಳೆ ಗಂಧದೆಣ್ಣೆ ಬೆಳಕನ್ನ ಸುಮಾರು 15ರಿಂದ 20 ಡಿಗ್ರಿಯಷ್ಟು ಎಡಕ್ಕೆ ತಿರುಗಿಸುತ್ತೆ. ಕಲಬೆರಕೆ ಆದರೆ ಲೆಕ್ಕ ತಪ್ಪುತ್ತೆ. ಎಣ್ಣೆ ಅಸಲಿಯೋ ನಕಲಿಯೋ ಅಂತ ಹಿಡಿಯೋಕೆ ಈ ತಿರುಗುವಿಕೆಯೂ ಒಂದು ಪರೀಕ್ಷೆಯಾಗಿತ್ತು. ಅಂದರೆ ಅಣುವಿನ ‘ಕೈ’ ನಮ್ಮ ಸಂಸ್ಥಾನದ ಬೊಕ್ಕಸಕ್ಕೆ ಸಂಬಂಧಿಸಿದ ವಿಷಯವಾಗಿತ್ತು!

ಗಂಧದ ಪಕ್ಕದಲ್ಲೇ ಕರ್ಪೂರ. 1922ರಿಂದ 1933ರವರೆಗೆ ಟಾಟಾ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಮಾರ್ಟಿನ್ ಆನ್ಸ್ಲೋ ಫಾರ್ಸ್ಟರ್ ಅದಕ್ಕೂ ಮುಂಚೆ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದು ಕರ್ಪೂರದ ರಸಾಯನದಲ್ಲಿ. ನಿವೃತ್ತಿಯ ನಂತರ ಮೈಸೂರಿನಲ್ಲೇ ನೆಲೆಸಿ 1945ರಲ್ಲಿ ಅಲ್ಲೇ ತೀರಿಕೊಂಡರು. ಕರ್ಪೂರದ ಮರದಿಂದ ಬರೋ ಕರ್ಪೂರಕ್ಕೆ ಒಂದೇ ಕೈ. ಇವತ್ತು ನಾವು ಮಂಗಳಾರತಿಗೆ ಹಚ್ಚೋದು ಬಹುತೇಕ ಟರ್ಪೆಂಟೈನ್‌ನಿಂದ ಕಾರ್ಖಾನೆಯಲ್ಲಿ ಮಾಡಿದ ಕರ್ಪೂರ. ಅದರಲ್ಲಿ ಸಾಮಾನ್ಯವಾಗಿ ಎರಡೂ ಕೈ ಬೆರೆತಿರುತ್ತೆ. ಉರಿಯೋಕೆ ಎಡವಾದರೇನು, ಬಲವಾದರೇನು? ದೇವರಿಗೆ ಎರಡೂ ಸಮ. ಆದರೆ ಔಷಧಿಯ ವಿಷಯಕ್ಕೆ ಬಂದಾಗ ಈ ಉದಾರತನ ನಡೆಯಲ್ಲ.

ನಸುಗುನ್ನಿ

ಮೂರನೆಯದು ನಸುಗುನ್ನಿ. ಹಳ್ಳಿ ಕಡೆಯವರಿಗೆ ಹೆಸರು ಕೇಳಿದ್ರೇ ಮೈ ಕೆರೆಯೋಕೆ ಶುರುವಾಗುತ್ತೆ. ಅದರ ಕಾಯಿಯ ರೋಮ ತಾಗಿದರೆ ಮುಗೀತು. ಆದರೆ ಒಳಗಿನ ಬೀಜವನ್ನ ಆಯುರ್ವೇದದಲ್ಲಿ ಬಹಳ ಹಿಂದಿನಿಂದ ಬಳಸ್ತಾರೆ. 1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅನ್ನೋ ಇಬ್ಬರು ಸಂಶೋಧಕರು ಈ ಬೀಜದಿಂದ ಒಂದು ಅಮೈನೋ ಆಮ್ಲವನ್ನ ಬೇರ್ಪಡಿಸಿದರು. ಅದರ ಹೆಸರು ಎಲ್-ಡೋಪಾ. ಅದರಲ್ಲಿ ‘ಎಲ್’ ಅನ್ನೋದೇ ಕೈಯ ಗುರುತು.

ಈ ಅಣುವಿನ ಹೆಸರು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನಮ್ಮ ಅಜ್ಜನಿಗೆ ಪಾರ್ಕಿನ್‌ಸನ್ಸ್ ಇತ್ತು, ಕಂಪವಾತ ಅಂತಾರಲ್ಲ, ಅದು. ಕಾಫಿ ಲೋಟ ಹಿಡಿದರೆ ತುಳುಕೋದು, ಅಂಗಿ ಗುಂಡಿ ಹಾಕ್ಕೊಳ್ಳೋಕೆ ಕಾಲು ಗಂಟೆ. ಅವರ ಮಾತ್ರೆ ಡಬ್ಬಿ ನನ್ನ ಜವಾಬ್ದಾರಿ. ತಿಂಡಿಗೆ ಅರ್ಧ ಗಂಟೆ ಮುಂಚೆಯೇ ಕೊಡಬೇಕು, ತಿಂದ ತಕ್ಷಣ ಕೊಟ್ಟರೆ ಸರಿಯಾಗಿ ಕೆಲಸ ಮಾಡಲ್ಲ ಅಂತ ಡಾಕ್ಟ್ರು ಹೇಳಿದ್ದರು. ಯಾಕೆ ಅಂತ ಆಮೇಲೆ ಓದಿ ತಿಳ್ಕೊಂಡೆ. ಈ ರೋಗದಲ್ಲಿ ಮೆದುಳಿನಲ್ಲಿ ಡೋಪಮೈನ್ ಕಡಿಮೆಯಾಗುತ್ತೆ. ನೇರವಾಗಿ ಡೋಪಮೈನ್ ಕೊಟ್ಟರೆ ಅದು ಮೆದುಳಿನ ಬೇಲಿ ದಾಟಲ್ಲ. ಎಲ್-ಡೋಪಾ ಮಾತ್ರ ದಾಟುತ್ತೆ. ಅಮೈನೋ ಆಮ್ಲಗಳನ್ನ ಒಳಗೆ ಬಿಡೋ ಬಾಗಿಲಿನಲ್ಲೇ ಅದೂ ನುಸುಳುತ್ತೆ. ಊಟದಲ್ಲಿ ಬೇಳೆ, ಮೊಸರಿನ ಪ್ರೋಟೀನ್ ಇದ್ದರೆ ಅದೇ ಬಾಗಿಲಲ್ಲಿ ನೂಕುನುಗ್ಗಲು. ಒಳಗೆ ಹೋದಮೇಲೆ ಒಂದು ಕಿಣ್ವ ಅದನ್ನ ಡೋಪಮೈನ್ ಮಾಡುತ್ತೆ. ಆ ಕಿಣ್ವ ಹಿಡಿಯೋದು ಎಲ್ ಕೈಯನ್ನ ಮಾತ್ರ. ಡಿ ಕೈ ಕೊಟ್ಟರೆ ಅದು ಡೋಪಮೈನ್ ಆಗೋದಿಲ್ಲ.

1967ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಕೋಟ್ಜಿಯಾಸ್ ರೋಗಿಗಳಿಗೆ ದೊಡ್ಡ ಪ್ರಮಾಣದಲ್ಲಿ ಡೋಪಾ ಕೊಟ್ಟು, ನಡುಗುವ ಕೈ ನಿಲ್ಲೋದನ್ನ, ಮರಗಟ್ಟಿದ ಮೈ ಸಡಿಲ ಆಗೋದನ್ನ ತೋರಿಸಿದರು. ಆದರೆ ಅವರು ಮೊದಲು ಕೊಟ್ಟದ್ದು ಎಡ-ಬಲ ಬೆರೆತ ಡೋಪಾ. ಕೆಲವರ ರಕ್ತದಲ್ಲಿ ಬಿಳಿಕಣಗಳು ಕಡಿಮೆಯಾದವು. ಶುದ್ಧ ಎಲ್-ಡೋಪಾಗೆ ಬದಲಾಯಿಸಿದ ಮೇಲೆ ಡೋಸೂ ಇಳಿಯಿತು, ಆ ತೊಂದರೆಯೂ ತಪ್ಪಿತು. ಇದ್ದಕ್ಕಿದ್ದ ಹಾಗೆ ಜಗತ್ತಿಗೆ ಟನ್‌ಗಟ್ಟಲೆ ಎಲ್-ಡೋಪಾ ಬೇಕಾಯ್ತು.

ಇಲ್ಲಿ ಬರ್ತಾರೆ ಸೇಂಟ್ ಲೂಯಿಸ್ ನಗರದ ಮೊನ್ಸಾಂಟೊ ಕಂಪನಿಯ ರಸಾಯನಜ್ಞ ವಿಲಿಯಂ ನೋಲ್ಸ್. ಅಲ್ಲಿವರೆಗಿನ ದಾರಿ ಏನು? ಎಡ-ಬಲ ಬೆರೆತದ್ದನ್ನ ಮೊದಲು ತಯಾರಿಸು, ಆಮೇಲೆ ಬೇರ್ಪಡಿಸು. ಬೇಡದ ಅರ್ಧವನ್ನ ಎಸೆಯಬೇಕು, ಇಲ್ಲವೇ ಮತ್ತೆ ಕಷ್ಟಪಟ್ಟು ಮೊದಲಿನ ಸ್ಥಿತಿಗೆ ತರಬೇಕು. ನೋಲ್ಸ್ ಕೇಳಿದ್ದು ಬೇರೆ ಪ್ರಶ್ನೆ: ಕ್ರಿಯೆ ನಡೆಸೋ ಕ್ಯಾಟಲಿಸ್ಟ್‌ಗೇ ಕೈ ಇದ್ದರೆ? ಕ್ಯಾಟಲಿಸ್ಟ್ ಅಂದ್ರೆ ಶಾಲೆಯ ಪುಸ್ತಕದ ಕ್ರಿಯಾವರ್ಧಕ. ಕ್ರಿಯೆಯನ್ನ ನಡೆಸಿಕೊಟ್ಟು ತಾನು ಮಾತ್ರ ಮೊದಲಿನಂತೆ ಹೊರಬರುತ್ತೆ. ರೋಡಿಯಂ ಲೋಹದ ಸುತ್ತ ಕೈ ಇರುವ ಫಾಸ್ಫರಸ್ ಅಣುಗಳನ್ನ ಜೋಡಿಸಿ 1968ರಲ್ಲಿ ಅವರು ಮೊದಲ ಫಲಿತಾಂಶ ಪ್ರಕಟಿಸಿದರು. ಅಷ್ಟೇನೂ ಗೆಲುವಲ್ಲ. ನೂರು ಅಣುಗಳಲ್ಲಿ ಸುಮಾರು 57 ಒಂದು ಕೈ, 43 ಇನ್ನೊಂದು. ಔಷಧಿಗೆ ಉಪಯೋಗ ಇಲ್ಲ. ಆದರೆ ನಾಣ್ಯ ಮೊದಲ ಬಾರಿ ಒಂದು ಕಡೆಗೆ ವಾಲಿತ್ತು. ಕೆಲವೇ ವರ್ಷಗಳಲ್ಲಿ ‘ಡೈಪ್ಯಾಂಪ್’ ಅನ್ನೋ ಅಣುವಿನ ಜೊತೆ ಆ ಲೆಕ್ಕ ನೂರಕ್ಕೆ 97 ದಾಟಿತು. 1970ರ ದಶಕದ ಮಧ್ಯದ ಹೊತ್ತಿಗೆ ಕಾರ್ಖಾನೆಯಲ್ಲಿ ಎಲ್-ಡೋಪಾ ಇದೇ ವಿಧಾನದಲ್ಲಿ ತಯಾರಾಗತೊಡಗಿತು.

ಒಂದು ಎಚ್ಚರಿಕೆಯ ಮಾತು. ಇದನ್ನ ಕೇಳಿ ಯಾರೂ ನಸುಗುನ್ನಿ ಪುಡಿ ತಂದು ಮನೆಯ ಹಿರಿಯರಿಗೆ ಕೊಡೋಕೆ ಹೋಗಬೇಡಿ. ಡೋಸು ಏರುಪೇರಾದರೆ ಅಪಾಯ. ಡಾಕ್ಟ್ರನ್ನ ಕೇಳದೆ ಬೇಡವೇ ಬೇಡ.

ಮತ್ತೆ ಹುಣಸೆಯ ಹುಳಿ

ಈಗ ಕೈಗಡದ ಮಾತು ಪೂರ್ತಿ ಅರ್ಥವಾಗುತ್ತೆ ನೋಡಿ. ಗಂಧದ ಮರದಿಂದ ಎಣ್ಣೆ ತೆಗೆಯೋದು ಆಸ್ತಿಯನ್ನೇ ಮಾರಿ ತಿಂದ ಹಾಗೆ. ಒಂದು ಮರಕ್ಕೆ ಒಂದೇ ಸಲ. ಎಡ-ಬಲ ಬೇರ್ಪಡಿಸೋದು ಅರ್ಧ ಕಳೆದುಕೊಳ್ಳೋ ವ್ಯಾಪಾರ. ಕೈ ಇರೋ ಕ್ಯಾಟಲಿಸ್ಟ್ ಮಾತ್ರ ನಿಜವಾದ ಕೈಗಡ. ಒಂದು ಚಿಟಿಕೆ ತರ್ತೀವಿ, ಅದು ಸಾವಿರಾರು ಅಣುಗಳಿಗೆ ತನ್ನ ಕೈಯ ಗುರುತು ಕೊಡುತ್ತೆ, ಕೊನೆಗೆ ತಾನು ಹಾಗೇ ಹಿಂತಿರುಗುತ್ತೆ.

1980ರಲ್ಲಿ ಬ್ಯಾರಿ ಶಾರ್ಪ್‌ಲೆಸ್ ಮತ್ತು ತ್ಸುತೋಮು ಕಾತ್ಸುಕಿ ಆ ಕೈಗಡವನ್ನ ಎಲ್ಲಿಂದ ತಂದರು ಗೊತ್ತಾ? ಟಾರ್ಟಾರಿಕ್ ಆಮ್ಲದಿಂದ. ನಮ್ಮ ಹುಣಸೆ, ಅವರ ದ್ರಾಕ್ಷಿಯ ಅದೇ ಹುಳಿ. ಅದರಿಂದ ಮಾಡಿದ ಸರಳ ಎಸ್ಟರ್ ಒಂದನ್ನ ಟೈಟಾನಿಯಂ ಜೊತೆ ಸೇರಿಸಿದರೆ, ಆಮ್ಲಜನಕದ ಒಂದು ಪರಮಾಣುವನ್ನ ಬೇಕಾದ ಬದಿಗೇ ಕೂರಿಸಬಹುದು. ಟಾರ್ಟಾರಿಕ್‌ನ ಇನ್ನೊಂದು ಕೈ ಹಾಕಿದರೆ ಇನ್ನೊಂದು ಬದಿ. ಪ್ಯಾಶ್ಚರ್ ಚಿಮಟದಲ್ಲಿ ಆರಿಸಿದ ಅದೇ ಆಮ್ಲ 132 ವರ್ಷದ ನಂತರ ತಾನೇ ಆರಿಸೋ ಕೆಲಸಕ್ಕೆ ನಿಂತಿತು. 2001ರ ರಸಾಯನ ನೊಬೆಲ್‌ನಲ್ಲಿ ಅರ್ಧ ಶಾರ್ಪ್‌ಲೆಸ್‌ಗೆ ಬಂತು. ಉಳಿದರ್ಧ ನೋಲ್ಸ್ ಮತ್ತು ಜಪಾನಿನ ರ್ಯೋಜಿ ನೋಯೋರಿ ಅವರಿಗೆ.

ಆದರೂ ಒಂದು ಕೊರತೆ ಇತ್ತು. ರೋಡಿಯಂನಂಥ ಲೋಹ ಬಲು ದುಬಾರಿ, ಔಷಧಿಯಲ್ಲಿ ಅದರ ಚೂರೂ ಉಳಿಯಬಾರದು. 2000ದಲ್ಲಿ ಬೆಂಜಮಿನ್ ಲಿಸ್ಟ್ ತಮ್ಮ ಸಹೋದ್ಯೋಗಿಗಳ ಜೊತೆ ತೋರಿಸಿದ್ದೇನಂದ್ರೆ, ಲೋಹವೇ ಬೇಡ, ಪ್ರೋಲೀನ್ ಸಾಕು. ಪ್ರೋಲೀನ್ ನಮ್ಮೆಲ್ಲರ ಚರ್ಮ-ಮೂಳೆಯ ಪ್ರೋಟೀನಿನಲ್ಲಿರೋ ಪುಟ್ಟ ಅಮೈನೋ ಆಮ್ಲ. ಅದೇ ವರ್ಷ ಡೇವಿಡ್ ಮ್ಯಾಕ್‌ಮಿಲನ್ ಕೂಡ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ಇಬ್ಬರಿಗೂ 2021ರಲ್ಲಿ ನೊಬೆಲ್.

ಬೆಂಗಳೂರಿಗೆ ವಾಪಸ್

ಈ ಕಥೆಯ ಒಂದು ಎಳೆ ಮತ್ತೆ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದು ಸೇರುತ್ತೆ. ಅಲ್ಲಿನ ಸಾವಯವ ರಸಾಯನ ವಿಭಾಗದಲ್ಲಿ ಸಡ್‌ಬರೋ ನಂತರ ಜೆ. ಎಲ್. ಸೈಮನ್‌ಸನ್, ಪಿ. ಸಿ. ಗುಹ, ಸ್ಟೆರಾಯ್ಡ್ ಅಣುಗಳ ಮೇಲೆ ಕೆಲಸ ಮಾಡಿದ ಡಿ. ಕೆ. ಬ್ಯಾನರ್ಜಿ ಹೀಗೆ ಒಂದು ದೊಡ್ಡ ಪರಂಪರೆಯೇ ಇದೆ. 1998ರಿಂದ 2005ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದ ಗೋವರ್ಧನ್ ಮೆಹ್ತಾ ಕೂಡ ಪ್ರಕೃತಿಯ ಜಟಿಲ ಅಣುಗಳನ್ನ ಪ್ರಯೋಗಾಲಯದಲ್ಲಿ ಕಟ್ಟೋದರಲ್ಲಿ ಹೆಸರಾದವರು. 2010ರಲ್ಲಿ ಈ ವಿಭಾಗಕ್ಕೆ ಬಂದವರು ಸಂತನು ಮುಖರ್ಜಿ.

ಮುಖರ್ಜಿ ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಇದೇ ಬೆಂಜಮಿನ್ ಲಿಸ್ಟ್ ಜೊತೆ ಕೆಲಸ ಮಾಡಿದವರು. 2007ರಲ್ಲಿ ಲಿಸ್ಟ್ ಸೇರಿ ನಾಲ್ವರು ಬರೆದ ದೀರ್ಘ ಸಮೀಕ್ಷಾ ಲೇಖನದಲ್ಲಿ ಮೊದಲ ಹೆಸರು ಇವರದೇ. ವಿಷಯ ಪ್ರೋಲೀನ್‌ನಂಥ ಅಮೈನ್‌ಗಳು ನಡೆಸೋ ಕ್ರಿಯೆಗಳು, ಅಂದರೆ ಮುಂದೆ ನೊಬೆಲ್ ಬಂದ ಅದೇ ಕ್ಷೇತ್ರ. ಅಲ್ಲಿಂದ ಹಾರ್ವರ್ಡ್‌ನ ಇ. ಜೆ. ಕೋರಿ ಪ್ರಯೋಗಾಲಯ, ಆಮೇಲೆ ಬೆಂಗಳೂರು.

ಇಲ್ಲಿ ಅವರ ಗುಂಪು ಮಾಡಿದ ಒಂದು ಕೆಲಸವನ್ನ ದರ್ಜಿ ಅಂಗಡಿಯ ಉದಾಹರಣೆಯಲ್ಲಿ ಹೇಳ್ತೀನಿ. ಜೇಬಿಲ್ಲದ ಒಂದು ಅಂಗಿ ತಗೊಳ್ಳಿ. ಗುಂಡಿಯ ಮಾತು ಬಿಡಿ, ಬರೀ ಎದೆಯ ಭಾಗ ನೋಡಿ. ಎಡವೂ ಬಲವೂ ಒಂದೇ ಥರ. ಕನ್ನಡಿಯಲ್ಲೂ ಹಾಗೇ ಕಾಣುತ್ತೆ. ಅದಕ್ಕೆ ಎಡಗಡೆ ಒಂದು ಜೇಬು ಹೊಲಿದರೆ ಸಾಕು, ತಕ್ಷಣ ಅದಕ್ಕೊಂದು ‘ಕೈ’ ಬಂತು. ಎಲ್ಲ ಅಂಗಿಗೂ ತಪ್ಪದೆ ಎಡಗಡೆಯೇ ಜೇಬು ಹೊಲಿಯೋ ದರ್ಜಿ ಸಿಕ್ಕರೆ ಒಂದೂ ಅಂಗಿ ವ್ಯರ್ಥವಾಗಲ್ಲ. 2015ರ ಹೊತ್ತಿಗೆ ಮಧು ಸುದನ್ ಮನ್ನಾ ಮತ್ತು ಮುಖರ್ಜಿ ಪ್ರಕಟಿಸಿದ ಕೆಲಸ ಇಂಥದ್ದೇ. ಐದು ಇಂಗಾಲದ ಉಂಗುರವಿರುವ, ಎರಡೂ ಬದಿ ಸಮನಾಗಿರುವ ಅಣು. ಅಗ್ಗದ, ಗಾಳಿಗೆ ಕೆಡದ ನೈಟ್ರೋಆಲ್ಕೇನ್‌ಗಳಿಂದ ಅದರ ಒಂದೇ ಬದಿಗೆ ಹೊಸ ಗುಂಪನ್ನ ಜೋಡಿಸೋದು. ದರ್ಜಿಯ ಕೆಲಸ ಮಾಡಿದ್ದು ಒಂದು ತುದಿಯಲ್ಲಿ ಅಮೈನ್, ಇನ್ನೊಂದು ತುದಿಯಲ್ಲಿ ಯೂರಿಯಾ ಇರೋ ಸಾವಯವ ಕ್ಯಾಟಲಿಸ್ಟ್. ಒಂದು ತುದಿಯಲ್ಲಿ ಬಟ್ಟೆ ಹಿಡಿದು ಇನ್ನೊಂದರಲ್ಲಿ ಸೂಜಿ ಹಿಡಿದ ಹಾಗೆ.

ಇಂಥ ಎರಡು ತುದಿಯ ಕ್ಯಾಟಲಿಸ್ಟ್‌ಗಳನ್ನ ಕಟ್ಟೋಕೆ ಜಗತ್ತಿನ ರಸಾಯನಜ್ಞರು ಹೆಚ್ಚಾಗಿ ಆರಿಸೋ ಚೌಕಟ್ಟು ಯಾವುದು ಗೊತ್ತಾ? ನೆನಪಿಟ್ಕೊಳ್ಳಿ ಅಂದಿದ್ದೆನಲ್ಲ, ಸಿಂಕೋನಾ. ಪ್ಯಾಶ್ಚರ್ 1853ರಲ್ಲಿ ಯಾವ ಮರದ ತೊಗಟೆಯಿಂದ ಕೈ ಕಡ ತಂದರೋ ಇವತ್ತಿಗೂ ಅದೇ ಮರ. ಬದಲಾದದ್ದು ಸಾಲದ ಮೊತ್ತ. ಆಗ ಆಮ್ಲ ಎಷ್ಟೋ ಅದಕ್ಕೆ ತಕ್ಕಷ್ಟು ತೊಗಟೆಯ ಸತ್ವವೂ ಬೇಕಿತ್ತು. ಈಗ ಚಿಟಿಕೆ ಸಾಕು.

ನಿಮ್ಮ ಮಾತ್ರೆ ಡಬ್ಬಿಯಲ್ಲಿ

ಈ ವಿಷಯ ಬಂದಾಗೆಲ್ಲ ಥಾಲಿಡೊಮೈಡ್ ಹೆಸರು ಬರುತ್ತೆ. 1957ರಿಂದ 1961ರವರೆಗೆ ಜರ್ಮನಿಯಲ್ಲಿ ಮಾರಾಟವಾಗಿ, ಗರ್ಭಿಣಿಯರು ತಗೊಂಡು, ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತ. ಒಳ್ಳೆ ಕೈ ಮಾತ್ರ ಕೊಟ್ಟಿದ್ದರೆ ಇದು ಆಗ್ತಿರಲಿಲ್ಲ ಅಂತ ಎಷ್ಟೋ ರೀಲ್‌ಗಳಲ್ಲಿ ಕೇಳಿರ್ತೀರಿ. ಅದು ಸರಿಯಲ್ಲ. ಥಾಲಿಡೊಮೈಡ್ ದೇಹದೊಳಗೇ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಗುತ್ತೆ, ಶುದ್ಧ ಕೈ ಕೊಟ್ಟಿದ್ದರೂ ಅಪಾಯ ತಪ್ಪುತ್ತಿರಲಿಲ್ಲ. ಅದು ಕಲಿಸಿದ ಪಾಠ ಬೇರೆ: ಎರಡೂ ಕೈ ಪ್ರತ್ಯೇಕವಾಗಿ ದೇಹದಲ್ಲಿ ಏನು ಮಾಡುತ್ತೆ ಅಂತ ಪರೀಕ್ಷಿಸದೆ ಬಿಡಬಾರದು. 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನ ತನ್ನ ನೀತಿಯಾಗಿಯೇ ಪ್ರಕಟಿಸಿತು. ಕ್ಷಯಕ್ಕೆ ಕೊಡೋ ಎಥಾಂಬ್ಯುಟಾಲ್ ನೋಡಿ. ಅದರ ಒಂದು ರೂಪ ಮಾತ್ರ ಕ್ಷಯದ ಬ್ಯಾಕ್ಟೀರಿಯಾ ವಿರುದ್ಧ ಗಟ್ಟಿಯಾಗಿ ಕೆಲಸ ಮಾಡುತ್ತೆ, ಅದರ ಕನ್ನಡಿ ಬಿಂಬ ನೂರಾರು ಪಟ್ಟು ದುರ್ಬಲ. ರೋಗಿಗೆ ಕೊಡೋದು ಆ ಒಂದನ್ನೇ.

ಇನ್ನೂ ಹತ್ತಿರದ ಉದಾಹರಣೆ ಬೇಕಾ? ಬೆಂಗಳೂರಿನಲ್ಲಿದ್ದು ಅಲರ್ಜಿ ಶೀತಕ್ಕೆ ಮಾತ್ರೆ ನುಂಗದೋರು ಎಷ್ಟು ಜನ? ಸೆಟ್ರಿಜಿನ್ ಅಂದ್ರೆ ಎಡ-ಬಲ ಬೆರೆತದ್ದು, 10 ಮಿಲಿಗ್ರಾಂ. ಲೀವೋಸೆಟ್ರಿಜಿನ್ ಅಂದ್ರೆ ಅದರ ಕೆಲಸ ಮಾಡೋ ಕೈ ಮಾತ್ರ, 5 ಮಿಲಿಗ್ರಾಂ. ಅರ್ಧ ಡೋಸು. ಯಾಕಂದ್ರೆ ಉಳಿದರ್ಧ ಬರೀ ಜೊತೆಗೆ ಬಂದ ನೆಂಟ. ಹೀಗೆ ಒಂದೇ ಕೈಯ ಔಷಧಿಗಳನ್ನೆಲ್ಲ ಕ್ಯಾಟಲಿಸ್ಟ್‌ನಿಂದಲೇ ಮಾಡ್ತಾರೆ ಅಂತಲ್ಲ, ಹಳೇ ರೀತಿ ಬೇರ್ಪಡಿಸೋದೂ ಇನ್ನೂ ನಡೀತಿದೆ. ಆದರೆ ವ್ಯರ್ಥ ಕಡಿಮೆ ಆಗಬೇಕು, ಬೆಲೆ ಇಳಿಯಬೇಕು ಅಂದ್ರೆ ದಾರಿ ಕ್ಯಾಟಲಿಸ್ಟ್ ಕಡೆಗೇ.

ಕೊನೆಗೆ ಗಂಧದ ಮರದ ಲೆಕ್ಕ. 1792ರಲ್ಲಿ ಟಿಪ್ಪು ಕಾಲದಲ್ಲಿ ರಾಜವೃಕ್ಷವಾದ ಅದು, ಮನೆ ಹಿತ್ತಲಲ್ಲಿ ಬೆಳೆದರೂ ಸರ್ಕಾರದ್ದೇ ಆಗಿತ್ತು. ಜಮೀನಿನ ಒಡೆಯನೇ ಮರದ ಒಡೆಯ ಅಂತ ಕರ್ನಾಟಕದ ಕಾನೂನು ತಿದ್ದುಪಡಿಯಾದದ್ದು 2001ರಲ್ಲಿ. ಅಷ್ಟರೊಳಗೆ, 1998ರಲ್ಲೇ, ಅದು ಜಗತ್ತಿನ ಅಪಾಯದಂಚಿನ ಪಟ್ಟಿಗೆ ಸೇರಿಯಾಗಿತ್ತು. ಒಂದು ಮರ ಎಣ್ಣೆ ಕೊಡುವಷ್ಟು ಬಲಿಯೋಕೆ ದಶಕಗಳು ಬೇಕು, ಕಡಿಯೋಕೆ ಒಂದು ರಾತ್ರಿ ಸಾಕು. ನೂರು ವರ್ಷದ ಹಿಂದೆ ಬೆಂಗಳೂರಿನ ರಸಾಯನಜ್ಞರು ಮರ ಕಟ್ಟಿದ ಅಣುವನ್ನ ಹೊರತೆಗೆಯೋದು ಹೇಗೆ ಅಂತ ಹುಡುಕಿದರು. ಇವತ್ತು ಅದೇ ಆವರಣದಲ್ಲಿ, ಮರ ಅಷ್ಟು ಖಚಿತವಾಗಿ ಒಂದೇ ಕೈ ಆರಿಸೋ ಹಾಗೆ ನಾವೂ ಆರಿಸೋದು ಹೇಗೆ ಅಂತ ಹುಡುಕ್ತಿದ್ದಾರೆ. ಮರದಿಂದ ಕಿತ್ತುಕೊಳ್ಳೋದಕ್ಕೂ ಮರದ ಹತ್ತಿರ ಕಲಿಯೋದಕ್ಕೂ ಇರೋ ವ್ಯತ್ಯಾಸ ಅದು. ಆ ವ್ಯತ್ಯಾಸದಲ್ಲೇ ನಮ್ಮಜ್ಜನಂಥ ಎಷ್ಟೋ ಜನ ಕೈ ನಡುಗದೆ ಕಾಫಿ ಕುಡಿದಿದ್ದಾರೆ.

ಇವತ್ತು ಮನೆಗೆ ಹೋದಮೇಲೆ ಒಂದು ಕೆಲಸ ಮಾಡಿ. ಮಾತ್ರೆ ಡಬ್ಬಿ ತೆಗೆದು ಸ್ಟ್ರಿಪ್‌ಗಳ ಹಿಂದಿನ ಸಣ್ಣಕ್ಷರ ಓದಿ. ಲೀವೋ, ಡೆಕ್ಸ್, ಎಸ್, ಆರ್ ಅಂತ ಶುರುವಾಗೋ ಹೆಸರು ಎಷ್ಟಿವೆ ಎಣಿಸಿ. ಅದರಲ್ಲಿ ಒಂದೊಂದೂ ಯಾರೋ ಆರಿಸಿದ ಕೈ. ಎಷ್ಟು ಸಿಕ್ಕವು ಅಂತ ನಮಗೆ ಬರೆದು ಕಳಿಸಿ.